ಅಝೋರ್ಸ್‌ಗೆ ಹೋಗುವ ಆಸೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಅಝೋರ್ಸ್ ಇರುವುದಾದರೂ ಎಲ್ಲಿ?

ಅಟ್ಲಾಂಟಿಕ್ ಸಾಗರದ ನಡುವೆ. ಲಿಸ್ಬನ್‌ನಿಂದ ಪಶ್ಚಿಮಕ್ಕೆ ಸುಮಾರು 1,400 ಕಿಲೋಮೀಟರ್ ದೂರ. ಒಟ್ಟು ಒಂಬತ್ತು ದ್ವೀಪಗಳು, ಎಲ್ಲವೂ ಜ್ವಾಲಾಮುಖಿಯಿಂದ ಎದ್ದವು. ಪೋರ್ಚುಗಲ್‌ಗೆ ಸೇರಿದವು, ಆದರೆ ತಮ್ಮದೇ ಪ್ರಾದೇಶಿಕ ಸರ್ಕಾರ ಇದೆ. ಪೂರ್ವದಲ್ಲಿ ಸಾವ್ ಮಿಗೆಲ್ ಮತ್ತು ಸಾಂತಾ ಮರಿಯಾ. ನಡುವೆ ಟೆರ್ಸೇರಾ, ಗ್ರಸಿಯೋಜಾ, ಸಾವ್ ಜೋರ್ಜ್, ಪೀಕೊ, ಫಯಾಲ್. ಪಶ್ಚಿಮದ ತುದಿಯಲ್ಲಿ ಫ್ಲೋರೆಸ್ ಮತ್ತು ಕೊರ್ವೊ. ಈ ತುದಿಯಿಂದ ಆ ತುದಿಗೆ ಸುಮಾರು 600 ಕಿಲೋಮೀಟರ್ ಸಮುದ್ರ.

2021ರ ಜನಗಣತಿಯಲ್ಲಿ ಎಲ್ಲ ದ್ವೀಪ ಸೇರಿ ಇದ್ದ ಜನ ಸುಮಾರು 2.36 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಾವ್ ಮಿಗೆಲ್ ಒಂದರಲ್ಲೇ. ಕೊರ್ವೊದಲ್ಲಿ ನಾನೂರರ ಆಸುಪಾಸು.

ಹತ್ತು ದಿನ ರಜೆ ಇದೆ. ಒಂಬತ್ತನ್ನೂ ನೋಡಿ ಬರಬಹುದಾ?

ದಯವಿಟ್ಟು ಬೇಡ. ಈ ಪ್ರಶ್ನೆ ಬರದ ವಾರವೇ ಇಲ್ಲ. ಭೂಪಟದಲ್ಲಿ ದ್ವೀಪಗಳು ಚಿಕ್ಕದಾಗಿ, ಹತ್ತಿರ ಹತ್ತಿರ ಕಾಣುತ್ತವೆ. ಅದನ್ನು ನೋಡಿಯೇ ಜನ ಮೋಸ ಹೋಗುವುದು.

ಪ್ರತಿ ಸಲ ದ್ವೀಪ ಬದಲಿಸಿದಾಗ ಅರ್ಧ ದಿನ ಹೋಯ್ತು ಅಂತ ಲೆಕ್ಕ ಹಾಕಿ. ಬ್ಯಾಗ್ ಕಟ್ಟು, ಕಾರು ವಾಪಸ್ ಕೊಡು, ಏರ್‌ಪೋರ್ಟ್‌ನಲ್ಲಿ ಕೂರು, ಇಳಿದ ಮೇಲೆ ಇನ್ನೊಂದು ಕಾರು ತಗೊ. ಇದರ ಮೇಲೆ ಗಾಳಿ, ಮಂಜು ಅಂತ ವಿಮಾನ ತಡವಾಗುವುದು, ಕೆಲವೊಮ್ಮೆ ರದ್ದೇ ಆಗುವುದು ಇಲ್ಲಿ ಮಾಮೂಲು. ಫ್ಲೋರೆಸ್, ಕೊರ್ವೊ ಕಡೆಗಂತೂ ಇನ್ನೂ ಜಾಸ್ತಿ.

ಹತ್ತು ದಿನಕ್ಕೆ ಎರಡು ದ್ವೀಪ ಸಾಕು, ಮೂರು ಗರಿಷ್ಠ. ಇನ್ನೊಂದು ಮಾತು. ಯಾವ ದಿನ ಯಾವ ಜಾಗ ಅಂತ ಎಕ್ಸೆಲ್ ಶೀಟ್ ಮಾಡಿಕೊಂಡು ಹೋಗಬೇಡಿ. ನೋಡಬೇಕಾದ ಜಾಗಗಳ ಪಟ್ಟಿ ಇರಲಿ, ದಿನಾಂಕ ಬೇಡ. ಬೆಳಿಗ್ಗೆ ಎದ್ದು ಆಕಾಶ ನೋಡಿ ತೀರ್ಮಾನ ಮಾಡಿ. ಸ್ಪಾಟ್ ಅಝೋರ್ಸ್ ಎಂಬ ಆ್ಯಪ್‌ನಲ್ಲಿ ಮುಖ್ಯ ಜಾಗಗಳ ಲೈವ್ ಕ್ಯಾಮೆರಾ ದೃಶ್ಯ ಸಿಗುತ್ತದೆ. ಹೋಟೆಲ್ ಕಿಟಕಿಯಲ್ಲಿ ಮಳೆ ಕಂಡರೂ ಬೆಟ್ಟದ ಆಚೆ ಬಿಸಿಲಿರಬಹುದು. ಕ್ಯಾಮೆರಾದಲ್ಲಿ ಕೆರೆ ಕಂಡರೆ ಹೊರಡಿ, ಬರೀ ಬಿಳಿ ಕಂಡರೆ ಇನ್ನೊಂದು ಕಾಫಿ ಕುಡಿಯಿರಿ.

ಮೊದಲ ಸಲ ಹೋಗುವವರಿಗೆ ಯಾವ ದ್ವೀಪ?

ಒಂದೇ ದ್ವೀಪ ಅಂದರೆ ಸಾವ್ ಮಿಗೆಲ್. ಎರಡು ಅಂದರೆ ಅದರ ಜೊತೆ ಪೀಕೊ. ಮೂರನೆಯದಾಗಿ ಫಯಾಲ್, ಯಾಕೆಂದರೆ ಅದು ಪೀಕೊದಿಂದ ದೋಣಿಯಲ್ಲಿ ಬರೀ ಅರ್ಧ ಗಂಟೆ.

ಸಾವ್ ಮಿಗೆಲ್‌ನಲ್ಲಿ ಎಲ್ಲದರ ಸ್ವಲ್ಪ ಸ್ವಲ್ಪ ಇದೆ. ಪಶ್ಚಿಮಕ್ಕೆ ಸೆಟೆ ಸಿಡಾಡೆಸ್. ಕುಸಿದ ಜ್ವಾಲಾಮುಖಿಯ ದೊಡ್ಡ ಬಾಯಿ, ಅದರೊಳಗೆ ಒಂದು ಊರು, ಪಕ್ಕದಲ್ಲೇ ಒಂದಕ್ಕೊಂದು ತಾಗಿಕೊಂಡ ಎರಡು ಕೆರೆ. ಒಂದು ನೀಲಿ, ಇನ್ನೊಂದು ಹಸಿರು. ಅಗಲಿದ ರಾಜಕುಮಾರಿ ಮತ್ತು ಕುರುಬ ಹುಡುಗನ ಕಣ್ಣೀರು ಅದು ಅಂತ ಅಲ್ಲಿನ ಕಥೆ. ಮೇಲಿನ ವಿಸ್ತಾ ದೊ ರೇ ಎಂಬ ವ್ಯೂಪಾಯಿಂಟ್‌ನ ಹಿಂದೆ ಪಾಳುಬಿದ್ದ ದೊಡ್ಡ ಹೋಟೆಲ್ ಕಟ್ಟಡವಿದೆ. 1989ರಲ್ಲಿ ಶುರುವಾಗಿ ಸ್ವಲ್ಪ ಕಾಲಕ್ಕೇ ಮುಚ್ಚಿಹೋಯಿತು. ಒಳಗೆ ನುಗ್ಗಬೇಡಿ, ಅದು ಸುರಕ್ಷಿತವಲ್ಲ.

ದ್ವೀಪದ ನಡುವೆ ಲಾಗೊವಾ ದೊ ಫೋಗೊ, ಅಂದರೆ ಬೆಂಕಿ ಕೆರೆ. ಬೇಸಿಗೆಯ ದಟ್ಟಣೆಯಲ್ಲಿ ಇಲ್ಲಿಗೆ ಖಾಸಗಿ ಕಾರು ಬಿಡದೆ ಶಟಲ್ ಬಸ್ ಓಡಿಸುವುದುಂಟು, ಹೋಗುವ ಮುಂಚೆ ವಿಚಾರಿಸಿ. ಪೂರ್ವಕ್ಕೆ ಫುರ್ನಾಸ್. ಅಲ್ಲಿ ನೆಲವೇ ಒಲೆ. ಬೆಳಗಿನ ಜಾವ ಹಂಡೆಗಳಲ್ಲಿ ತರಕಾರಿ, ಮಾಂಸ ತುಂಬಿ ಬಿಸಿ ಮಣ್ಣಿನ ಗುಂಡಿಗೆ ಇಳಿಸಿ ಮುಚ್ಚುತ್ತಾರೆ. ಆರು ಗಂಟೆ ಬೆಂದ ಮೇಲೆ ಮಧ್ಯಾಹ್ನ ಎತ್ತುತ್ತಾರೆ. ನೀವು ತಿನ್ನದಿದ್ದರೂ ಎತ್ತುವುದನ್ನು ನೋಡಿ.

ಉತ್ತರ ಕರಾವಳಿಯ ಗೊರಿಯಾನಾ ಟೀ ತೋಟವನ್ನೂ ಬಿಡಬೇಡಿ. 1883ರಿಂದ ನಡೆಯುತ್ತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ದ್ವೀಪದ ಕಿತ್ತಳೆ ಬೆಳೆ ರೋಗಕ್ಕೆ ಸಿಕ್ಕಿ ನಾಶವಾಯಿತು. ಬದಲಿ ಬೆಳೆ ಹುಡುಕಿ 1878ರಲ್ಲಿ ಮಕಾವ್‌ನಿಂದ ಇಬ್ಬರು ಚೀನೀ ಪರಿಣತರನ್ನು ಕರೆಸಿ ಟೀ ಮಾಡುವುದನ್ನು ಕಲಿತರು. ಅದೇ ಕಾಲದ ಇನ್ನೊಂದು ಬದಲಿ ಬೆಳೆ ಅನಾನಸ್. ಇದನ್ನು ಗಾಜಿನ ಮನೆಗಳಲ್ಲಿ ಬೆಳೆಯುತ್ತಾರೆ. ಎಲ್ಲ ಗಿಡ ಒಟ್ಟಿಗೆ ಹೂ ಬಿಡಲಿ ಅಂತ ಒಳಗೆ ಹೊಗೆ ಹಾಕುತ್ತಾರೆ. ಒಂದು ಹಣ್ಣಿಗೆ ಎರಡು ವರ್ಷದಷ್ಟು ಕಾಯಬೇಕು. ಬೆಲೆ ಯಾಕೆ ಜಾಸ್ತಿ ಅಂತ ಆಗ ಗೊತ್ತಾಗುತ್ತದೆ.

ಪೀಕೊ ಬೇರೆಯೇ ಲೋಕ. ಎಲ್ಲಿ ನಿಂತರೂ 2,351 ಮೀಟರ್ ಎತ್ತರದ ಬೆಟ್ಟ ಎದುರಿಗೆ, ಅದೇ ಇಡೀ ಪೋರ್ಚುಗಲ್‌ನ ಅತಿ ಎತ್ತರದ ಜಾಗ. ಕೆಳಗೆ ಕರಿ ಲಾವಾ ಕಲ್ಲಿನ ಗೋಡೆಗಳ ಬಲೆ. ಒಂದೊಂದು ಚೌಕದಲ್ಲಿ ನಾಲ್ಕಾರು ದ್ರಾಕ್ಷಿ ಬಳ್ಳಿ. ಗೋಡೆ ಉಪ್ಪು ಗಾಳಿಯನ್ನು ತಡೆಯುತ್ತದೆ, ಹಗಲಿನ ಬಿಸಿ ಹಿಡಿದು ರಾತ್ರಿ ಬಳ್ಳಿಗೆ ಕೊಡುತ್ತದೆ. 2004ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪೀಕೊಗೆ ಕನಿಷ್ಠ ಮೂರು ರಾತ್ರಿ ಕೊಡಿ. ಜನ ಒಂದೇ ದಿನದಲ್ಲಿ ಮುಗಿಸಿ ಬರುತ್ತಾರೆ, ಆ ದಿನವೇ ಬೆಟ್ಟ ಮೋಡದಲ್ಲಿ ಮುಚ್ಚಿಕೊಂಡಿರುತ್ತದೆ.

ಊರು, ಇತಿಹಾಸ, ಹಬ್ಬ ಇಷ್ಟ ಅನ್ನುವವರಿಗೆ ಟೆರ್ಸೇರಾ. ನಡೆಯುವ ಹುಚ್ಚು ಇರುವವರಿಗೆ ಸಾವ್ ಜೋರ್ಜ್. ಜಲಪಾತ ಬೇಕು, ಜನ ಬೇಡ, ಸಮಯವೂ ಇದೆ ಅಂದರೆ ಫ್ಲೋರೆಸ್.

ಯಾವ ತಿಂಗಳು ಒಳ್ಳೆಯದು?

ಜೂನ್‌ನಿಂದ ಸೆಪ್ಟೆಂಬರ್. ಆಗ ಹಗಲಿನ ಉಷ್ಣಾಂಶ 23ರಿಂದ 26 ಡಿಗ್ರಿ. ಚಳಿಗಾಲದಲ್ಲೂ 15ರ ಆಸುಪಾಸು ಇರುತ್ತದೆ, ಆದರೆ ಮಳೆ, ಗಾಳಿ ಜಾಸ್ತಿ. ರಸ್ತೆಯುದ್ದಕ್ಕೂ ನೀಲಿ ಹೈಡ್ರೇಂಜಿಯಾ ಹೂಗಳನ್ನು ನೋಡಬೇಕಾದರೆ ಜುಲೈ. ಆಗಸ್ಟ್‌ನಲ್ಲಿ ಹೊರದೇಶಗಳಲ್ಲಿರುವ ಅಝೋರ್ಸ್ ಜನರೆಲ್ಲ ಊರಿಗೆ ಬರುತ್ತಾರೆ, ಕಾರು ಮತ್ತು ರೂಮು ಎರಡೂ ದುಬಾರಿ. ನನ್ನ ಆಯ್ಕೆ ಸೆಪ್ಟೆಂಬರ್. ಸಮುದ್ರ ಬೆಚ್ಚಗಿರುತ್ತದೆ, ಗದ್ದಲ ಇಳಿದಿರುತ್ತದೆ, ಪೀಕೊದಲ್ಲಿ ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ.

ಯಾವ ತಿಂಗಳಾದರೂ ಮಳೆ ಇಲ್ಲ ಅಂತ ಯಾರೂ ಹೇಳಲಾರರು. ಒಂದೇ ದಿನದಲ್ಲಿ ನಾಲ್ಕು ಕಾಲವನ್ನೂ ನೋಡಬಹುದು ಎಂಬುದು ಅಲ್ಲಿಯವರ ಮಾತು. ಆದರೆ ಜುಲೈನ ಸಕಲೇಶಪುರದ ಹಾಗೆ ಹಿಡಿದರೆ ಬಿಡದ ಮಳೆಯಲ್ಲ. ಬರುತ್ತದೆ, ಹೋಗುತ್ತದೆ.

ವೀಸಾ ಯಾವುದು ಬೇಕು?

ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ವೀಸಾ. ಅಝೋರ್ಸ್ ಕೂಡ ಶೆಂಗೆನ್ ಪ್ರದೇಶದ ಒಳಗೇ ಬರುತ್ತದೆ. ಬೇರೆ ಶೆಂಗೆನ್ ದೇಶಗಳಿಗಿಂತ ಪೋರ್ಚುಗಲ್‌ನಲ್ಲಿ ಜಾಸ್ತಿ ದಿನ ಇರುವುದಾದರೆ ಪೋರ್ಚುಗಲ್‌ಗೇ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮುಂಚೆ ಎಂಬ ನಿಯಮವಿದೆ, ಅದನ್ನು ನಂಬಿ ಕೂರಬೇಡಿ. ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. 2024ರ ಜೂನ್‌ನಿಂದ ದೊಡ್ಡವರಿಗೆ ವೀಸಾ ಶುಲ್ಕ 90 ಯೂರೊ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಸೂಚನೆ. ಎಚ್1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಪಾಸ್‌ಪೋರ್ಟ್ ಭಾರತದ್ದಾದರೆ ಶೆಂಗೆನ್ ವೀಸಾ ಬೇಕೇ ಬೇಕು. ಬಾಸ್ಟನ್‌ನಿಂದ ಹತ್ತಿರ ಅಲ್ವಾ ಅಂತ ಟಿಕೆಟ್ ಮೊದಲು ಮಾಡಿ, ಆಮೇಲೆ ವೀಸಾ ನೆನಪಾಗಿ ಒದ್ದಾಡುವವರು ಬಹಳ.

ತಲುಪುವುದು ಹೇಗೆ?

ಬೆಂಗಳೂರಿನಿಂದ ಲಿಸ್ಬನ್‌ಗೆ ನೇರ ವಿಮಾನ ಇಲ್ಲ. ದುಬೈ, ಫ್ರಾಂಕ್‌ಫರ್ಟ್, ಪ್ಯಾರಿಸ್ ಇಂಥ ಕಡೆ ಬದಲಿಸಿ ಲಿಸ್ಬನ್ ಸೇರಬೇಕು. ಅಲ್ಲಿಂದ ಸಾವ್ ಮಿಗೆಲ್‌ನ ಪೊಂಟಾ ಡೆಲ್ಗಾಡಾಗೆ ಸುಮಾರು ಎರಡೂವರೆ ಗಂಟೆ. ಟೆರ್ಸೇರಾಗೂ ಲಿಸ್ಬನ್‌ನಿಂದ ನೇರ ವಿಮಾನಗಳಿವೆ. ಲಂಡನ್ ಮೂಲಕ ಹೋಗುವುದಾದರೆ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕಾ ಅಂತ ಮೊದಲೇ ನೋಡಿಕೊಳ್ಳಿ.

ಬೆಂಗಳೂರಿನಿಂದ ಲಿಸ್ಬನ್, ಲಿಸ್ಬನ್‌ನಿಂದ ಅಝೋರ್ಸ್ ಅಂತ ಎರಡು ಬೇರೆ ಟಿಕೆಟ್ ಮಾಡಿದರೆ ನಡುವೆ ಒಂದು ರಾತ್ರಿ ಲಿಸ್ಬನ್‌ನಲ್ಲಿ ಇಡಿ. ಹೋಗುವಾಗಲೂ, ಬರುವಾಗಲೂ. ಒಂದು ವಿಮಾನ ತಪ್ಪಿದರೆ ಇನ್ನೊಂದು ಕಂಪನಿ ನಿಮಗಾಗಿ ಕಾಯುವುದಿಲ್ಲ.

ಬಾಸ್ಟನ್, ಟೊರಾಂಟೊಗಳಿಂದ ನೇರ ವಿಮಾನ ಇದೆ. ಬಾಸ್ಟನ್‌ನಿಂದ ಐದು ಗಂಟೆ ಚಿಲ್ಲರೆ. ಇಷ್ಟು ಚಿಕ್ಕ ಜಾಗಕ್ಕೆ ಅಲ್ಲಿಂದ ಯಾಕೆ ವಿಮಾನ ಅಂದರೆ, ಅದರ ಉತ್ತರ ಕೆಳಗೆ ಜ್ವಾಲಾಮುಖಿಯ ಪ್ರಶ್ನೆಯಲ್ಲಿದೆ.

ಒಂದು ದ್ವೀಪದಿಂದ ಇನ್ನೊಂದಕ್ಕೆ ದೋಣಿಯಾ, ವಿಮಾನವಾ?

ಪೀಕೊ, ಫಯಾಲ್, ಸಾವ್ ಜೋರ್ಜ್ ಈ ಮೂರರ ನಡುವೆ ದೋಣಿ. ಪೀಕೊದ ಮದಲೇನಾದಿಂದ ಫಯಾಲ್‌ನ ಓರ್ಟಾಗೆ ದಿನಕ್ಕೆ ಹಲವು ಸಲ ಫೆರ್ರಿ ಓಡುತ್ತದೆ. ಫ್ಲೋರೆಸ್ ಮತ್ತು ಕೊರ್ವೊ ನಡುವೆಯೂ ದೋಣಿ ಇದೆ, ಸಮುದ್ರ ಒಪ್ಪಿದರೆ. ಉಳಿದದ್ದಕ್ಕೆ ಹೆಚ್ಚಾಗಿ ಸಾಟಾ ಕಂಪನಿಯ ಚಿಕ್ಕ ಪ್ರೊಪೆಲ್ಲರ್ ವಿಮಾನ. ಊರಿಗೆ ವಾಪಸಾಗುವ ವಿಮಾನದ ಹಿಂದಿನ ರಾತ್ರಿ ಚಿಕ್ಕ ದ್ವೀಪದಲ್ಲಿ ಇರಬೇಡಿ. ಆ ಹೊತ್ತಿಗೆ ಪೊಂಟಾ ಡೆಲ್ಗಾಡಾಗೋ ಟೆರ್ಸೇರಾಗೋ ಬಂದು ಸೇರಿರಿ.

ಕಾರು ಬೇಕೇ ಬೇಕಾ?

ಹೌದು. ಬಸ್ಸುಗಳಿವೆ, ಆದರೆ ಅವು ಊರಿನವರ ಕೆಲಸ, ಶಾಲೆ ಸಮಯಕ್ಕೆ ಓಡುವಂಥವು. ಕಾರು ರಸ್ತೆಯ ಬಲಕ್ಕೆ ಓಡಿಸಬೇಕು. ಬಾಡಿಗೆ ಕಾರುಗಳಲ್ಲಿ ಹೆಚ್ಚಿನವು ಮ್ಯಾನುಯಲ್ ಗೇರ್, ಆಟೊಮ್ಯಾಟಿಕ್ ಬೇಕಿದ್ದರೆ ತಿಂಗಳುಗಟ್ಟಲೆ ಮುಂಚೆ ಹೇಳಿ. ಹೊರಡುವ ಮುಂಚೆ ನಿಮ್ಮ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಮೂಲ ಲೈಸೆನ್ಸೂ ಜೊತೆಗಿರಲಿ. ಹಸುಗಳ ಹಿಂಡು ಅಡ್ಡ ಬಂದರೆ ಹಾರ್ನ್ ಹೊಡೆಯದೆ ಸುಮ್ನೆ ನಿಲ್ಲಿಸಿ. ಪೋರ್ಚುಗಲ್‌ನ ಹಾಲಿನಲ್ಲಿ ಸುಮಾರು ಮೂರನೇ ಒಂದು ಪಾಲು ಈ ದ್ವೀಪಗಳದ್ದೇ. ದಾರಿ ಅವುಗಳದ್ದು.

ಜ್ವಾಲಾಮುಖಿ ಅಂದರೆ ಭಯ ಆಗುತ್ತದೆ. ಅಪಾಯ ಇಲ್ಲವಾ?

ಉತ್ತರ ಅಮೆರಿಕ, ಯುರೇಷಿಯಾ, ಆಫ್ರಿಕಾ ಮೂರೂ ಭೂಫಲಕಗಳು ಸೇರುವ ಜಾಗ ಇದು. ಫ್ಲೋರೆಸ್ ಮತ್ತು ಕೊರ್ವೊ ಅಮೆರಿಕದ ಫಲಕದ ಮೇಲಿವೆ, ಉಳಿದವು ಈಚೆಗೆ. ಆದ್ದರಿಂದ ನೆಲ ಆಗಾಗ ಅಲುಗುತ್ತದೆ. ಹೆಚ್ಚಿನವು ಯಾರಿಗೂ ಗೊತ್ತಾಗದಷ್ಟು ಸಣ್ಣವು. ಸಿವಿಸಾ ಎಂಬ ಕೇಂದ್ರ ಹಗಲೂ ರಾತ್ರಿ ಕಾವಲಿರುತ್ತದೆ. 2022ರ ಮಾರ್ಚ್‌ನಲ್ಲಿ ಸಾವ್ ಜೋರ್ಜ್‌ನಲ್ಲಿ ಸಾವಿರಾರು ಸಣ್ಣ ಕಂಪನಗಳಾಗಿ ಹಲವರು ದ್ವೀಪ ಬಿಟ್ಟು ಹೊರಗೆ ಹೋಗಿದ್ದರು. ಜ್ವಾಲಾಮುಖಿ ಮಾತ್ರ ಸಿಡಿಯಲಿಲ್ಲ. ದೊಡ್ಡ ಅನಾಹುತ ಆಗಿಯೇ ಇಲ್ಲ ಅಂತಲ್ಲ. 1980ರ ಜನವರಿ 1ರ ಭೂಕಂಪದಲ್ಲಿ ಟೆರ್ಸೇರಾದ ಆಂಗ್ರಾ ಪಟ್ಟಣದ ಬಹುಭಾಗ ಉರುಳಿತು. ಮತ್ತೆ ಹಳೆಯ ರೂಪದಲ್ಲೇ ಕಟ್ಟಿದರು. 1983ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು.

ನೆಲದ ಮೇಲೆ ಕೊನೆಯ ಸಲ ಜ್ವಾಲಾಮುಖಿ ಎದ್ದದ್ದು ಫಯಾಲ್‌ನ ಕಪೆಲಿನ್ಯೋಸ್‌ನಲ್ಲಿ. 1957ರ ಸೆಪ್ಟೆಂಬರ್‌ನಲ್ಲಿ ಕರಾವಳಿಯ ಆಚೆ ಸಮುದ್ರ ಕುದಿಯಲು ಶುರುವಾಯಿತು. ಹದಿಮೂರು ತಿಂಗಳು ಬೂದಿ ಸುರಿಯಿತು. ಮನೆಗಳ ಸೂರು ಕುಸಿದವು, ಹೊಲಗಳು ಹೂತುಹೋದವು. ಸುಮಾರು 2.4 ಚದರ ಕಿಲೋಮೀಟರ್ ಹೊಸ ನೆಲ ದ್ವೀಪಕ್ಕೆ ಅಂಟಿಕೊಂಡಿತು. ಅದರಲ್ಲಿ ಬಹಳಷ್ಟನ್ನು ಅಲೆಗಳು ಆಗಲೇ ತಿಂದುಹಾಕಿವೆ. 1958ರಲ್ಲಿ ಅಮೆರಿಕ ಇಲ್ಲಿಯ ಸಂತ್ರಸ್ತರು ಬಂದು ನೆಲೆಸಲಿ ಅಂತಲೇ ಒಂದು ಕಾನೂನು ಮಾಡಿತು. ಅದಕ್ಕೆ ಓಡಾಡಿದ ಸೆನೆಟರ್‌ಗಳಲ್ಲಿ ಒಬ್ಬರು ಜಾನ್ ಎಫ್. ಕೆನಡಿ. ತಿಮಿಂಗಿಲ ಬೇಟೆಯ ಹಡಗು ಹತ್ತಿ ಮುಂಚೆಯೇ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯ ಸೇರಿದ್ದವರ ಜೊತೆ ಸಾವಿರಾರು ಜನ ಹೋಗಿ ಸೇರಿಕೊಂಡರು. ಬಾಸ್ಟನ್ ವಿಮಾನದ ಗುಟ್ಟು ಇದೇ. 

ಕಪೆಲಿನ್ಯೋಸ್‌ನಲ್ಲಿ ಈಗ ಅರ್ಧ ಹೂತ ಲೈಟ್‌ಹೌಸ್ ನಿಂತಿದೆ. ಮ್ಯೂಸಿಯಂ ನೆಲದಡಿಯಲ್ಲಿದೆ, ಮೇಲಿನ ಬೂದು ನೆಲದ ನೋಟ ಕೆಡಬಾರದು ಅಂತ. ಅಝೋರ್ಸ್‌ನಲ್ಲಿ ಒಂದೇ ಮ್ಯೂಸಿಯಂ ನೋಡುತ್ತೇನೆ ಅನ್ನುವವರು ಇದನ್ನು ನೋಡಿ.

ಪ್ರವಾಸಿಗರಿಗೆ ನಿಜವಾದ ಅಪಾಯ ಬೇರೆ. ಬಿಸಿನೀರಿನ ಬುಗ್ಗೆಗಳ ಬೇಲಿ ದಾಟಿ ಫೋಟೊ ತೆಗೆಯುವುದು ಒಂದು. ಕಲ್ಲಿನ ದಡದಲ್ಲಿ ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲುವುದು ಇನ್ನೊಂದು. ಗ್ರಸಿಯೋಜಾದ ಗಂಧಕದ ಗುಹೆಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದ ದಿನ ಒಳಗೆ ಬಿಡುವುದಿಲ್ಲ. ವಾದ ಮಾಡಬೇಡಿ.

ನಾವು ಸಸ್ಯಾಹಾರಿಗಳು. ಊಟದ ಗತಿ ಏನು?

ಸ್ವಲ್ಪ ಕಷ್ಟ, ಆದರೆ ಹಸಿದಿರಬೇಕಾಗಿಲ್ಲ. ಪೊಂಟಾ ಡೆಲ್ಗಾಡಾದಲ್ಲಿ ಸಸ್ಯಾಹಾರಿ ಹೋಟೆಲುಗಳು ಸಿಗುತ್ತವೆ. ಚಿಕ್ಕ ದ್ವೀಪಗಳಲ್ಲಿ ಅಡುಗೆಮನೆ ಇರುವ ಮನೆ ಬಾಡಿಗೆಗೆ ಹಿಡಿಯಿರಿ. ಅಕ್ಕಿ, ತರಕಾರಿ, ಕಡಲೆ, ಮೊಸರು ಎಲ್ಲ ಸೂಪರ್‌ಮಾರ್ಕೆಟ್‌ನಲ್ಲಿ ಇದ್ದೇ ಇರುತ್ತವೆ. ಸಾರಿನ ಪುಡಿ, ಉಪ್ಪಿನಕಾಯಿ ಮನೆಯಿಂದ ಒಯ್ದರೆ ಮುಗಿಯಿತು.

ಹೊರಗೆ ತಿನ್ನುವಾಗ ಎಚ್ಚರ ಬೇಕಾದದ್ದು ಸೂಪಿನ ವಿಷಯದಲ್ಲಿ. ಸೊಪ್ಪಿನ ಸೂಪ್ ಅಂತ ತರಿಸಿದರೆ ಒಳಗೆ ಶೋರಿಸೊ ಎಂಬ ಹಂದಿಮಾಂಸದ ಸಾಸೇಜ್ ಚೂರು ತೇಲುತ್ತಿರುತ್ತದೆ. 'ಸೇಂ ಕಾರ್ನ್, ಸೇಂ ಪೈಶ್' ಅಂತ ಹೇಳಿ, ಮಾಂಸ ಬೇಡ, ಮೀನು ಬೇಡ ಅಂತ ಅರ್ಥ. ಸಿಹಿತಿಂಡಿಗಳಲ್ಲಿ ಮೊಟ್ಟೆ ಇದ್ದೇ ಇರುತ್ತದೆ, ಕೆಲವದರಲ್ಲಿ ಹಂದಿ ಕೊಬ್ಬೂ ಇರಬಹುದು. ಕೇಳಿ ತಿನ್ನಿ.

ಧೈರ್ಯವಾಗಿ ತಿನ್ನಬಹುದಾದದ್ದೂ ಬೇಕಷ್ಟಿದೆ. ತಾಜಾ ಚೀಸ್ ಮೇಲೆ ಕೆಂಪು ಮೆಣಸಿನ ಪೇಸ್ಟ್ ಹಾಕಿ ಊಟಕ್ಕೆ ಮುಂಚೆ ಕೊಡುತ್ತಾರೆ. ಫುರ್ನಾಸ್‌ನಲ್ಲಿ ಬಿಸಿನೀರಿನ ಬುಗ್ಗೆಯಲ್ಲೇ ಬೇಯಿಸಿದ ಜೋಳದ ತೆನೆ ಮಾರುತ್ತಾರೆ. ಇನ್ಯಾಮ್ ಅಂತ ಮೆನುವಿನಲ್ಲಿ ಕಂಡರೆ ಬಿಡಬೇಡಿ, ಅದು ನಮ್ಮ ಕೆಸುವಿನ ಗಡ್ಡೆ! ಬೇಯಿಸಿ ಕೊಡುತ್ತಾರೆ. ಪಕ್ಕದಲ್ಲಿ ಸಾಸೇಜ್ ಇಡುವುದು ಅಲ್ಲಿನ ರೂಢಿ, ಬೇಡ ಅನ್ನಿ. ಮೀನು ತಿನ್ನುವವರು ಈ ಪ್ರಶ್ನೆಯನ್ನೇ ಬಿಟ್ಟುಬಿಡಿ, ನಿಮಗೆ ಹಬ್ಬ.

ಬಿಸಿನೀರಿನ ಕೊಳಕ್ಕೆ ಯಾವ ಬಟ್ಟೆ?

ಹಳೆಯದು, ಗಾಢ ಬಣ್ಣದ್ದು. ಫುರ್ನಾಸ್‌ನ ಟೆರ್ರಾ ನೋಸ್ತ್ರಾ ಉದ್ಯಾನದ ದೊಡ್ಡ ಕೊಳದ ನೀರು ಕಬ್ಬಿಣದಂಶದಿಂದ ಕಂದು. ಬಿಳಿ ಬಟ್ಟೆ ಹಾಕಿ ಇಳಿದರೆ ಅದರ ಕಥೆ ಮುಗಿಯಿತು. ಬೆಳ್ಳಿ ಒಡವೆ ತೆಗೆದಿಡಿ. ಕಲ್ದೇರಾ ವೆಲ್ಯಾ ಎಂಬ ಇನ್ನೊಂದು ಬಿಸಿನೀರಿನ ಜಾಗಕ್ಕೆ ಮುಂಚೆಯೇ ಸಮಯ ಕಾದಿರಿಸಬೇಕು. ಫೆರ್ರಾರಿಯಾ ಎಂಬಲ್ಲಿ ಬಿಸಿ ಊಟೆ ಸಮುದ್ರದೊಳಗೇ ಇದೆ. ಅಲ್ಲಿಗೆ ಇಳಿತದ ಹೊತ್ತಿನಲ್ಲೇ ಹೋಗಿ. ಉಬ್ಬರದಲ್ಲಿ ಬರೀ ತಣ್ಣೀರು, ಅಲೆಯೂ ಜೋರು.

ತಿಮಿಂಗಿಲ ಖಂಡಿತ ಕಾಣುತ್ತದಾ?

ಖಂಡಿತ ಅನ್ನಲಾಗದು, ಆದರೆ ಸಾಧ್ಯತೆ ಬಹಳ ಜಾಸ್ತಿ. ಸ್ಪರ್ಮ್ ತಿಮಿಂಗಿಲಗಳು ವರ್ಷವಿಡೀ ಇರುತ್ತವೆ. ನೀಲಿ ತಿಮಿಂಗಿಲ ನೋಡಬೇಕಾದರೆ ಏಪ್ರಿಲ್, ಮೇ. ಅವು ಉತ್ತರಕ್ಕೆ ಹೋಗುವ ದಾರಿಯಲ್ಲಿ ಹಾದುಹೋಗುತ್ತವೆ. ಬೆಟ್ಟದ ಮೇಲಿನ ಗುಡಿಸಲಿನಲ್ಲಿ ದುರ್ಬೀನು ಹಿಡಿದು ಒಬ್ಬ ಕಾವಲುಗಾರ ಕೂತಿರುತ್ತಾನೆ. ನೀರಿನ ಚಿಲುಮೆ ಕಂಡ ಕೂಡಲೇ ದೋಣಿಗೆ ರೇಡಿಯೊದಲ್ಲಿ ದಿಕ್ಕು ಹೇಳುತ್ತಾನೆ. ಬೇಟೆಯ ಕಾಲದಲ್ಲೂ ಇದೇ ಪದ್ಧತಿ ಇತ್ತು. ಇಲ್ಲಿ ಕೊನೆಯ ತಿಮಿಂಗಿಲವನ್ನು ಕೊಂದದ್ದು 1987ರಲ್ಲಿ. ಪೀಕೊದ ಲಾಜೆಸ್‌ನಲ್ಲಿರುವ ಮ್ಯೂಸಿಯಂನಲ್ಲಿ ಅಂದಿನ ಕಿರಿದಾದ ದೋಣಿಗಳನ್ನು ನೋಡಿ, ಅಷ್ಟರಲ್ಲಿ ಹೋಗಿ ಈಟಿ ಎಸೆಯುತ್ತಿದ್ದರಾ ಅನ್ನಿಸುತ್ತದೆ. ವಾಂತಿ ಆಗುವವರು ಮಾತ್ರೆಯನ್ನು ದೋಣಿ ಹತ್ತುವ ಮುಂಚೆಯೇ ತಗೊಳ್ಳಿ.

ಪೀಕೊ ಬೆಟ್ಟ ಹತ್ತುವುದು ಕಷ್ಟವಾ?

ಕಷ್ಟವೇ. 1,200 ಮೀಟರ್ ಎತ್ತರದಲ್ಲಿ ಬೆಟ್ಟದ ಮನೆ ಇದೆ. ಅಲ್ಲಿ ಹೆಸರು ಬರೆಸಿ, ಶುಲ್ಕ ಕಟ್ಟಿ, ಅವರು ಕೊಡುವ ಜಿಪಿಎಸ್ ತಗೊಂಡು ಹೊರಡಬೇಕು. ಒಂದು ಹೊತ್ತಿಗೆ ಇಷ್ಟೇ ಜನ ಅಂತ ಮಿತಿ ಇದೆ, ಮುಂಚೆಯೇ ಬುಕ್ ಮಾಡಿ. 47 ಕಂಬಗಳು ದಾರಿ ತೋರಿಸುತ್ತವೆ. ಹತ್ತಿ ಇಳಿಯಲು ಏಳೆಂಟು ಗಂಟೆ. ಕುಮಾರಪರ್ವತ ಹತ್ತಿದವರು ಹತ್ತಬಹುದು, ಆದರೆ ಇಲ್ಲಿ ನೆರಳೇ ಇಲ್ಲ. ಸಡಿಲ ಲಾವಾ ಕಲ್ಲು ಇಳಿಯುವಾಗ ಮಂಡಿಯ ಪರೀಕ್ಷೆ ಮಾಡುತ್ತದೆ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ. ಸಾವ್ ಮಿಗೆಲ್‌ನ ವ್ಯೂಪಾಯಿಂಟ್‌ಗಳಲ್ಲಿ ಬಹಳಷ್ಟಕ್ಕೆ ಕಾರು ಹತ್ತಿರದವರೆಗೂ ಹೋಗುತ್ತದೆ. ಟೆರ್ಸೇರಾದ ಆಲ್ಗಾರ್ ದೊ ಕಾರ್ವಾವ್ ಗುಹೆಗೆ ಮಾತ್ರ ತುಂಬಾ ಮೆಟ್ಟಿಲು, ಜಾರುತ್ತದೆ ಕೂಡ.

ಬೀಚ್ ಇದೆಯಾ?

ಇದೆ, ಆದರೆ ಮರಳು ಕಪ್ಪು. ತಿಳಿ ಬಣ್ಣದ ಮರಳು ಬೇಕಿದ್ದರೆ ಸಾಂತಾ ಮರಿಯಾಗೆ ಹೋಗಬೇಕು. ಊರಿನವರು ಈಜುವುದು ಲಾವಾ ಕಲ್ಲುಗಳ ನಡುವಿನ ಕೊಳಗಳಲ್ಲಿ, ಟೆರ್ಸೇರಾದ ಬಿಸ್ಕೊಯ್ತೋಸ್ ಅದಕ್ಕೆ ಹೆಸರುವಾಸಿ. ನೀಲಿ ಬಲೂನಿನ ಹಾಗೆ ಏನಾದರೂ ನೀರಿನಲ್ಲಿ ತೇಲುತ್ತಿದ್ದರೆ ಮುಟ್ಟಬೇಡಿ, ಮಕ್ಕಳಿಗೂ ಹೇಳಿಡಿ. ಅದರ ದಾರಗಳು ಕುಟುಕಿದರೆ ವಿಪರೀತ ಉರಿ.

ನಮಗೂ ಈ ದ್ವೀಪಗಳಿಗೂ ಏನಾದರೂ ನಂಟಿದೆಯಾ?

ಇದೆ, ಅದೂ ಕಾರವಾರದ ಹತ್ತಿರದಿಂದ. 1498ರಲ್ಲಿ ವಾಸ್ಕೊ ಡ ಗಾಮಾ ವಾಪಸ್ ಹೊರಡುವ ಮುಂಚೆ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಹಡಗು ರಿಪೇರಿಗೆ ನಿಂತಿದ್ದ. ಜೊತೆಗೆ ಅವನ ಅಣ್ಣ ಪಾವ್ಲೊ ಇದ್ದ. ದಾರಿಯಲ್ಲಿ ಪಾವ್ಲೊಗೆ ಕಾಯಿಲೆಯಾಯಿತು. 1499ರಲ್ಲಿ ಟೆರ್ಸೇರಾ ತಲುಪಿದಾಗ ತೀರಿಕೊಂಡ. ಆಂಗ್ರಾದ ಸಂತ ಫ್ರಾನ್ಸಿಸ್ ಮಠದಲ್ಲಿ ಮಣ್ಣು ಮಾಡಿದರು. ಆ ಮಠವೇ ಈಗ ಊರಿನ ಮ್ಯೂಸಿಯಂ. ಆಮೇಲೆ ಗೋವಾದಿಂದ ಮೆಣಸು ಹೊತ್ತು ಬರುತ್ತಿದ್ದ ಹಡಗುಗಳೂ ಗಾಳಿಯ ದಿಕ್ಕಿಗೆ ತಕ್ಕಂತೆ ಸುತ್ತು ಹಾಕಿ ಆಂಗ್ರಾದಲ್ಲಿ ನಿಂತೇ ಲಿಸ್ಬನ್‌ಗೆ ಹೋಗುತ್ತಿದ್ದವು. ಆ ಬಂದರಿನ ಶ್ರೀಮಂತಿಕೆಯಲ್ಲಿ ನಮ್ಮ ಕರಾವಳಿಯ ಮೆಣಸಿನ ಪಾಲೂ ಇದೆ.

ಕಾಫಿ ಬೆಳೆಗಾರರು ಓದುತ್ತಿದ್ದರೆ ಸಾವ್ ಜೋರ್ಜ್‌ನ ಫಜಾ ದೋಸ್ ವಿಮೆಸ್‌ಗೆ ಹೋಗಿ. ಬೆಟ್ಟದ ಬುಡದಲ್ಲಿ, ಸಮುದ್ರದ ಪಕ್ಕದಲ್ಲೇ ಒಂದು ಮನೆಯವರ ಕಾಫಿ ತೋಟ ಇದೆ. ತಮ್ಮ ಕಾಫಿಯನ್ನೇ ಮಾಡಿ ಕೊಡುತ್ತಾರೆ. ರುಚಿ ಹೇಗಿದೆ ಅಂತ ನೀವೇ ತೀರ್ಪು ಕೊಡಿ.

ಪ್ಲಗ್, ಸಮಯ, ದುಡ್ಡು?

ಯುರೋಪಿನ ಎರಡು ದುಂಡು ಪಿನ್ನಿನ ಪ್ಲಗ್. ಹಣ ಯೂರೊ. ಕಾರ್ಡ್ ನಡೆಯುತ್ತದೆ, ಚಿಕ್ಕ ಊರಿನ ಕೆಫೆಗಳಿಗೆ ಸ್ವಲ್ಪ ಚಿಲ್ಲರೆ ಇರಲಿ. ಬೇಸಿಗೆಯಲ್ಲಿ ಭಾರತಕ್ಕಿಂತ ಐದೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಆರೂವರೆ. ಲಿಸ್ಬನ್‌ಗಿಂತ ಒಂದು ಗಂಟೆ ಹಿಂದೆ, ಟಿಕೆಟ್ ನೋಡುವಾಗ ಇದನ್ನು ಮರೆಯಬೇಡಿ. ಛತ್ರಿ ಒಯ್ಯಬೇಡಿ, ಗಾಳಿಗೆ ಉಲ್ಟಾ ಆಗುತ್ತದೆ. ಟೋಪಿ ಇರುವ ಒಳ್ಳೆಯ ರೇನ್‌ಕೋಟ್ ತಗೊಂಡು ಹೋಗಿ.